ಬೆಸುಗೆ ಮೇಜು: ನಿಕ್ಸಿ ಗಡಿಯಾರಕ್ಕೆ 170 ವೋಲ್ಟ್ ತರುವುದು ಹೇಗೆ?

ಹೋದ ಸಂಚಿಕೆಯಲ್ಲಿ ನನ್ನ ಮೇಜಿನ ಮೇಲಿರುವ ನಿಕ್ಸಿ ಗಡಿಯಾರದ ಫೋಟೊ ಹಾಕಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಯಾವುದೂ ಇಲ್ಲ.

ನೋಡದವರಿಗೆ ಎರಡು ಮಾತು. ನಿಕ್ಸಿ ಅಂದರೆ ಒಂದು ಗಾಜಿನ ಬುರುಡೆ. ಒಳಗೆ ತುಸು ನಿಯಾನ್ ಅನಿಲ. 0ಯಿಂದ 9ರವರೆಗಿನ ಅಂಕಿಗಳನ್ನು ತೆಳು ಲೋಹದಲ್ಲಿ ಕತ್ತರಿಸಿ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಅವುಗಳ ಮುಂದೆ ಸೊಳ್ಳೆ ಪರದೆಯಂಥ ಸಣ್ಣ ಜಾಲರಿ. ಜಾಲರಿಗೆ ಪ್ಲಸ್, ಬೇಕಾದ ಅಂಕಿಗೆ ಮೈನಸ್ ಕೊಟ್ಟರೆ ಆ ಅಂಕಿಯ ಸುತ್ತ ಕಿತ್ತಳೆ ಬಣ್ಣದ ಬೆಳಕು ಹತ್ತುತ್ತದೆ. ಆದರೆ ಅದಕ್ಕೆ 5 ವೋಲ್ಟ್, 12 ವೋಲ್ಟ್ ಸಾಲದು. ಸುಮಾರು 170 ವೋಲ್ಟ್ ಡಿಸಿ ಬೇಕು. ಎಲ್ಲರ ತಲೆನೋವೂ ಅಲ್ಲೇ ಶುರುವಾಗುವುದು.

ಪ್ರಶ್ನೆ: ಮೇಡಂ, ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಆರು ಐಎನ್-14 ನಿಕ್ಸಿ ಟ್ಯೂಬ್ ತರಿಸಿದೆ. 12 ವೋಲ್ಟ್ ಅಡಾಪ್ಟರ್, ಎಂಸಿ34063 ಐಸಿ (ವೋಲ್ಟೇಜ್ ಏರಿಸುವುದನ್ನು ನಿಯಂತ್ರಿಸುವ ಚಿಪ್), ಐಆರ್‌ಎಫ್740 ಮಾಸ್‌ಫೆಟ್ (ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಟ್ರಾನ್ಸಿಸ್ಟರ್), 1ಎನ್4007 ಡಯೋಡ್, 100 ಮೈಕ್ರೊಹೆನ್ರಿ ಕಾಯಿಲ್ (ರೆಸಿಸ್ಟರ್ ಆಕಾರದ, ಹಸಿರು ಬಣ್ಣದ್ದು) ಬಳಸಿ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತಂತಿ ಚುಚ್ಚುವ ಹಲಗೆ) ಮೇಲೆ ಪವರ್ ಸಪ್ಲೈ ಮಾಡಿದ್ದೇನೆ. ಮಾಸ್‌ಫೆಟ್ಟಿನ ಗೇಟಿನಿಂದ (ಅದನ್ನು ಆನ್, ಆಫ್ ಮಾಡುವ ಕಾಲು) ಗ್ರೌಂಡಿಗೆ 1 ಕೆ (ಸಾವಿರ ಓಮ್) ರೆಸಿಸ್ಟರ್ ಹಾಕಿದ್ದೇನೆ. ಟ್ಯೂಬ್ ಇಲ್ಲದಾಗ ಮೀಟರ್ 178 ತೋರಿಸುತ್ತದೆ. ಆರೂ ಟ್ಯೂಬ್ ಜೋಡಿಸಿದರೆ 140ಕ್ಕೆ ಬೀಳುತ್ತದೆ. ಎರಡು ಟ್ಯೂಬ್ ಮಂಕಾಗಿ ಹತ್ತುತ್ತವೆ, ಉಳಿದವು ಹತ್ತುವುದೇ ಇಲ್ಲ. ಮಾಸ್‌ಫೆಟ್ ಮುಟ್ಟಲಾರದಷ್ಟು ಬಿಸಿ. ಈವರೆಗೆ ಮೂರು ಬದಲಾಯಿಸಿದೆ. ಐಸಿ ನಕಲಿ ಇರಬಹುದಾ?
— ವಿದ್ಯಾರ್ಥಿ, ಹಾಸನ

ಉತ್ತರ: ಐಸಿಯನ್ನು ಬಿಟ್ಟುಬಿಡಿ, ಅದರ ತಪ್ಪೇನೂ ಇಲ್ಲ. ಲೋಡ್ ಇಲ್ಲದಾಗ 178ರಲ್ಲಿ ನಿಲ್ಲುತ್ತಿದೆ ಅಂದರೆ ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ನೀವು ಅಳತೆ ಮಾಡಿ ಬರೆದದ್ದು ತುಂಬ ಒಳ್ಳೆಯದಾಯಿತು. "ಹತ್ತುತ್ತಿಲ್ಲ, ಏನು ಮಾಡಲಿ" ಅಂತ ಮಾತ್ರ ಬರೆದಿದ್ದರೆ ನನಗೂ ಏನೂ ಹೇಳಲು ಆಗುತ್ತಿರಲಿಲ್ಲ.

ಮೊದಲು ಆ 140 ನೋಡೋಣ. ಅದು ನಿಮ್ಮ ಸರ್ಕ್ಯೂಟಿನ ಅಂಕಿ ಅಲ್ಲ, ಟ್ಯೂಬಿನ ಅಂಕಿ. ನಿಯಾನ್ ಹತ್ತಿಕೊಳ್ಳಲು 170ರ ಹತ್ತಿರ ಬೇಕು. ಒಮ್ಮೆ ಹತ್ತಿದ ಮೇಲೆ ಅದಕ್ಕೆ 140 ಸಾಕು. ನಿಮ್ಮ ಸಪ್ಲೈಗೆ ಶಕ್ತಿ ಕಡಿಮೆ. ಮೊದಲು ಹತ್ತಿದ ಎರಡು ಟ್ಯೂಬ್ ಇದ್ದಬದ್ದ ಕರೆಂಟನ್ನೆಲ್ಲ ಎಳೆದುಕೊಂಡು ವೋಲ್ಟೇಜನ್ನು 140ಕ್ಕೆ ತಂದು ನಿಲ್ಲಿಸುತ್ತವೆ. ಉಳಿದ ನಾಲ್ಕಕ್ಕೆ 170 ಸಿಗುವುದೇ ಇಲ್ಲ, ಹಾಗಾಗಿ ಹತ್ತುವುದಿಲ್ಲ. ಟ್ಯೂಬ್ ಆರೂ ಚೆನ್ನಾಗಿರಬಹುದು, ಹೆದರಬೇಡಿ.

ಈಗ ಲೆಕ್ಕ. ಒಂದು ಐಎನ್-14ಕ್ಕೆ ಎರಡೂವರೆ ಮಿಲಿ ಆಂಪ್. ಆರಕ್ಕೆ 15. ಅದನ್ನು 177 ವೋಲ್ಟಿನಿಂದ (ಈ ಅಂಕಿ ಎಲ್ಲಿಂದ ಬಂತು ಅಂತ ಮುಂದೆ ಹೇಳುತ್ತೇನೆ) ಗುಣಿಸಿದರೆ ಸುಮಾರು 2.6 ವಾಟ್. ದಾರಿಯಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಅಡಾಪ್ಟರಿನಿಂದ ಮೂರೂವರೆ ವಾಟ್, ಅಂದರೆ 300 ಮಿಲಿ ಆಂಪ್ ಹತ್ತಿರ ಬೇಕು. ಇಷ್ಟೇನಾ ಅನಿಸುತ್ತದೆ, ಅಲ್ವಾ? ಆದರೆ ಕಾಯಿಲಿನಲ್ಲಿ ಹರಿಯುವುದು 300 ಅಲ್ಲ.

ಮನೆಯಲ್ಲಿ ನೀರು ಜೋರಾಗಿ ಬರುತ್ತಿರುವಾಗ ನಲ್ಲಿಯನ್ನು ತಟ್ಟನೆ ಮುಚ್ಚಿ ನೋಡಿ. ಪೈಪು "ದಡ್" ಅನ್ನುತ್ತದೆ. ಓಡುತ್ತಿದ್ದ ನೀರಿಗೆ ನಿಲ್ಲಲು ಮನಸ್ಸಿಲ್ಲ, ಅದು ಪೈಪನ್ನೇ ಗುದ್ದುತ್ತದೆ. ಕಾಯಿಲೂ ಹಾಗೇ. ಮಾಸ್‌ಫೆಟ್ ಸುಮಾರು 10 ಮೈಕ್ರೊಸೆಕೆಂಡ್ ಆನ್ ಆಗಿರುವಾಗ ಕಾಯಿಲಿನಲ್ಲಿ ಕರೆಂಟ್ ಸೊನ್ನೆಯಿಂದ ಏರುತ್ತಾ 1.2 ಆಂಪ್ ಮುಟ್ಟುತ್ತದೆ. ಆಗ ಮಾಸ್‌ಫೆಟ್ ಆಫ್ ಆಗುತ್ತದೆ. ಹರಿಯುತ್ತಿದ್ದ ಕರೆಂಟಿಗೆ ಹೋಗಲು ಜಾಗವಿಲ್ಲ. ಕಾಯಿಲ್ ತನ್ನ ವೋಲ್ಟೇಜನ್ನು ತಾನೇ ಮೇಲೆ ಎತ್ತಿಕೊಂಡು ಡಯೋಡ್ ಮೂಲಕ ಕೆಪಾಸಿಟರಿಗೆ ನುಗ್ಗಿಸುತ್ತದೆ. 10 ಮೈಕ್ರೊಸೆಕೆಂಡ್ ತುಂಬಿಕೊಂಡದ್ದು ಖಾಲಿಯಾಗಲು ತೆಗೆದುಕೊಳ್ಳುವುದು ಬರೀ 0.7 ಮೈಕ್ರೊಸೆಕೆಂಡ್. ಇದು ಸೆಕೆಂಡಿಗೆ 50 ಸಾವಿರ ಸಲ ನಡೆಯಬೇಕು.

ಆ 1.2 ಆಂಪ್ ಮತ್ತು 0.7 ಮೈಕ್ರೊಸೆಕೆಂಡ್ ಎರಡನ್ನೂ ಪುಸ್ತಕದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ತೊಂದರೆಗಳೆಲ್ಲ ಅಲ್ಲೇ ಇವೆ.

ಕಾಯಿಲ್ ಮೊದಲ ಅಪರಾಧಿ. ನಿಮ್ಮ ಹಸಿರು ಕಾಯಿಲ್ ಕೆಲವು ನೂರು ಮಿಲಿ ಆಂಪ್‌ಗೆ ಮಾಡಿದ್ದು. ಅದರೊಳಗಿನ ಫೆರೈಟ್ ಕಡ್ಡಿ ಸ್ವಲ್ಪ ಕರೆಂಟಿಗೇ ಕಾಂತಶಕ್ತಿಯಿಂದ ತುಂಬಿಹೋಗುತ್ತದೆ. ಆಮೇಲೆ ಅದು ಕಾಯಿಲ್ ಅಲ್ಲ, ಸುಮ್ನೆ ಒಂದು ತಂತಿ. ಕರೆಂಟ್ ಒಮ್ಮೆಲೇ ಮೇಲೆ ಹಾರುತ್ತದೆ, ಬಿಸಿಯಾಗುತ್ತದೆ, ಟ್ಯೂಬಿಗೆ ಏನೂ ತಲುಪುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗ "100 ಮೈಕ್ರೊಹೆನ್ರಿ ಕೊಡಿ" ಅಂತ ಮಾತ್ರ ಕೇಳಬೇಡಿ. "ಎರಡು ಆಂಪಿನ ಡ್ರಮ್ ಕೋರ್" ಅಂತ ಕೇಳಿ. ದಪ್ಪ ತಂತಿ ಸುತ್ತಿದ, ಹೆಬ್ಬೆರಳಿನ ತುದಿಯಷ್ಟು ದೊಡ್ಡದು ಕೊಡುತ್ತಾರೆ. ಮೀಟರಿನಲ್ಲಿ ಓಮ್ಸ್ ನೋಡಿದರೂ ಗೊತ್ತಾಗುತ್ತದೆ. ಸಣ್ಣ ಹಸಿರು ಕಾಯಿಲ್ ಓಮ್‌ಗಟ್ಟಲೆ ತೋರಿಸುತ್ತದೆ. ಒಳ್ಳೆಯದು ಅರ್ಧ ಓಮ್ ಕೂಡ ತೋರಿಸುವುದಿಲ್ಲ.

ಡಯೋಡಿನ ವಿಷಯ ಚಿಕ್ಕದು. 1ಎನ್4007 ನಮ್ಮ 50 ಹರ್ಟ್ಸ್ ಕರೆಂಟಿಗೆ ಹುಟ್ಟಿದ್ದು. ಅದರ ಬಾಗಿಲು ಮುಚ್ಚಲು ಮೈಕ್ರೊಸೆಕೆಂಡುಗಳೇ ಬೇಕು. ನಿಮ್ಮ ಕೆಲಸ ಮುಗಿಯುವುದೇ 0.7ರಲ್ಲಿ. ಹಾಗಾಗಿ ಕೆಪಾಸಿಟರಿಗೆ ಹೋದದ್ದರಲ್ಲಿ ಒಂದಿಷ್ಟು ವಾಪಸ್ ಬರುತ್ತದೆ. ಯುಎಫ್4004 ಹಾಕಿ. 400 ವೋಲ್ಟಿನದು, 50 ನ್ಯಾನೊಸೆಕೆಂಡಿನಲ್ಲಿ ಮುಚ್ಚುತ್ತದೆ. ನೋಡಲು ಎರಡೂ ಒಂದೇ ತರಹ ಇರುತ್ತವೆ, ಡಬ್ಬಿಯಲ್ಲಿ ಬೆರೆಸಿ ಇಡಬೇಡಿ.

ಮೂರು ಮಾಸ್‌ಫೆಟ್‌ಗಳನ್ನು ಸುಟ್ಟದ್ದರಲ್ಲಿ ಆ 1 ಕೆ ರೆಸಿಸ್ಟರಿನ ಪಾಲು ದೊಡ್ಡದು. ಎಂಸಿ34063 ಗೇಟನ್ನು ಮೇಲೆ ಎತ್ತುತ್ತದೆ, ಕೆಳಗೆ ಇಳಿಸುವುದಿಲ್ಲ. ಇಳಿಸುವ ಕೆಲಸ ಪೂರ್ತಿ ಆ 1 ಕೆ ಮೇಲೆ ಬೀಳುತ್ತದೆ. ಐಆರ್‌ಎಫ್740ರ ಗೇಟ್ ದೊಡ್ಡ ಹಂಡೆ. ಅದನ್ನು 1 ಕೆ ಮೂಲಕ ಖಾಲಿ ಮಾಡಲು ಐದಾರು ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಅಷ್ಟೂ ಹೊತ್ತು ಮಾಸ್‌ಫೆಟ್ ಅರ್ಧ ತೆರೆದು ಅರ್ಧ ಮುಚ್ಚಿ ನಿಂತಿರುತ್ತದೆ. ಮೈಮೇಲೆ ವೋಲ್ಟೇಜೂ ಇದೆ, ಒಳಗೆ ಕರೆಂಟೂ ಇದೆ. ಬಿಸಿಯಾಗದೆ ಇನ್ನೇನಾಗುತ್ತದೆ? ಇದಕ್ಕೆ ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್ ಸಾಕು. 2ಎನ್2907 ತೆಗೆದುಕೊಳ್ಳಿ. ಎಮಿಟರ್ ಗೇಟಿಗೆ, ಕಲೆಕ್ಟರ್ ಗ್ರೌಂಡಿಗೆ, ಬೇಸ್ ಐಸಿಯ ಔಟ್‌ಪುಟ್‌ಗೆ. ಐಸಿಯ ಔಟ್‌ಪುಟ್‌ನಿಂದ ಗೇಟಿಗೆ ಒಂದು 1ಎನ್4148 ಡಯೋಡ್, ಗೆರೆ ಇರುವ ತುದಿ ಗೇಟಿನ ಕಡೆ. 1 ಕೆ ಈಗ ಬೇಸಿನಿಂದ ಗ್ರೌಂಡಿಗೆ ಬರಲಿ. ಇಷ್ಟು ಮಾಡಿದರೆ ಮಾಸ್‌ಫೆಟ್ ಬೆಚ್ಚಗಾಗುತ್ತದೆ ಅಷ್ಟೇ. ಬೆರಳು ಇಟ್ಟು ನೋಡಬಹುದು. ಆಫ್ ಮಾಡಿ, ಕೆಪಾಸಿಟರ್ ಖಾಲಿಯಾದ ಮೇಲೆ, ಮರೆಯಬೇಡಿ.

ಇನ್ನು ಬ್ರೆಡ್‌ಬೋರ್ಡ್. ಬೇಡ. ಅದರ ಹಲ್ಲುಗಳ ಹಿಡಿತಕ್ಕೆ ಒಂದು ಆಂಪಿನ ಈ ಬಡಿತ ತಡೆಯುವುದಿಲ್ಲ. ಜನರಲ್ ಪರ್ಪಸ್ ಪಿಸಿಬಿ ಮೇಲೆ ಬೆಸೆಯಿರಿ. ಇನ್‌ಪುಟ್ ಕೆಪಾಸಿಟರ್, ಕಾಯಿಲ್, ಮಾಸ್‌ಫೆಟ್ ಮೂರೂ ಒಂದಕ್ಕೊಂದು ತಾಗಿದಂತೆ ಕೂರಲಿ. ಗ್ರೌಂಡಿಗೆ ದಪ್ಪ ತಂತಿ ಎಳೆಯಿರಿ. ಫೀಡ್‌ಬ್ಯಾಕ್ ತಂತಿ (ಔಟ್‌ಪುಟ್ ಎಷ್ಟಿದೆ ಅಂತ ಐಸಿಗೆ ತಿಳಿಸುವುದು) ಕಾಯಿಲಿನಿಂದ ದೂರ ಹೋಗಲಿ. ಟೈಮಿಂಗ್ ಕೆಪಾಸಿಟರ್ 470 ಪಿಕೊಫ್ಯಾರಡ್, ಕರೆಂಟ್ ನೋಡುವ ರೆಸಿಸ್ಟರ್ 0.22 ಓಮ್. ನನ್ನ ಬೋರ್ಡಿನಲ್ಲಿ ಇರುವುದೂ ಇವೇ.

ಫೀಡ್‌ಬ್ಯಾಕ್ ರೆಸಿಸ್ಟರುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾರಣ ಇದೆ. ನಾನು ಮೊದಲ ಸಲ ಈ ಸಪ್ಲೈ ಮಾಡಿದಾಗ ಮೇಲಿನ ಕಡೆ, ಅಂದರೆ ಔಟ್‌ಪುಟ್ ಮತ್ತು ಐಸಿಯ ನಡುವೆ, ಒಂದೇ ಒಂದು 680 ಕೆ ಹಾಕಿದ್ದೆ. ಅದರ ಒಂದು ಕಾಲಿನ ಬೆಸುಗೆ ಸರಿಯಾಗಿ ಹಿಡಿದಿರಲಿಲ್ಲ. ರಾತ್ರಿ ಊಟ ಮುಗಿಸಿ ಬಂದು ಸ್ವಿಚ್ ಹಾಕಿದೆ. ಎರಡು ನಿಮಿಷ ಚೆನ್ನಾಗಿತ್ತು. ಬೋರ್ಡನ್ನು ಸ್ವಲ್ಪ ಓರೆ ಮಾಡಿದೆ, ಅಷ್ಟೇ. ಆ ಕಾಲು ಬಿಟ್ಟುಕೊಂಡಿತು. ಐಸಿಗೆ "ಔಟ್‌ಪುಟ್ ಸೊನ್ನೆ ಇದೆ" ಅಂತ ಕಂಡಿತು. ಪಾಪ, ಅದು ತಳ್ಳುತ್ತಲೇ ಹೋಯಿತು. 250 ವೋಲ್ಟಿನ ಕೆಪಾಸಿಟರ್ ಪಟಾಕಿ ಹೊಡೆದ ಹಾಗೆ ಸಿಡಿಯಿತು. ಅದರ ಅಲ್ಯೂಮಿನಿಯಂ ಟೋಪಿ ನನ್ನ ಕನ್ನಡಕದ ಗಾಜಿಗೆ ಬಡಿದು ನೆಲದ ಮೇಲೆ ಉರುಳಿತು. ಕೋಣೆ ತುಂಬ ಮೀನಿನಂಥ ವಾಸನೆ, ಹತ್ತಿಯಂಥ ಕಾಗದದ ಚೂರು. ಆ ಕನ್ನಡಕ ಇನ್ನೂ ಇಟ್ಟುಕೊಂಡಿದ್ದೇನೆ, ಗಾಜಿನ ಮೇಲೆ ಅರ್ಧ ಚಂದ್ರದ ಗೀರು ಇದೆ.

ಹಾಗಾಗಿ ಮೇಲಿನ ಕಡೆ ಎರಡು 330 ಕೆ ಒಂದರ ಹಿಂದೆ ಒಂದು, ಕೆಳಗೆ 4.7 ಕೆ ಹಾಕಿ. ಐಸಿಯ ಒಳಗಿನ ಅಳತೆ 1.25 ವೋಲ್ಟ್. ಲೆಕ್ಕ ಹಾಕಿದರೆ 177 ಬರುತ್ತದೆ. ಎರಡು ಹಾಕಿದರೆ ಒಂದೊಂದರ ಮೇಲೆ ಬೀಳುವ ವೋಲ್ಟೇಜೂ ಅರ್ಧವಾಗುತ್ತದೆ. ಸಣ್ಣ ಕಾಲು ವಾಟ್ ರೆಸಿಸ್ಟರುಗಳಿಗೆ ವೋಲ್ಟೇಜಿನ ಮಿತಿ ಇದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಔಟ್‌ಪುಟ್‌ಗೆ ಅಡ್ಡಲಾಗಿ ಒಂದು ಪಿ6ಕೆಇ200ಎ ಡಯೋಡ್ ಹಾಕಿ. ಏನಾದರೂ ತಪ್ಪಿ ವೋಲ್ಟೇಜ್ ಏರಿದರೆ ಅದು 200ರ ಹತ್ತಿರ ಹಿಡಿದು ನಿಲ್ಲಿಸುತ್ತದೆ. ಔಟ್‌ಪುಟ್ ಕೆಪಾಸಿಟರ್ 4.7 ಮೈಕ್ರೊಫ್ಯಾರಡ್, 350 ವೋಲ್ಟಿನದು ಇರಲಿ.

ಎಲ್ಲ ಆದ ಮೇಲೂ ಟ್ಯೂಬ್ ಜೋಡಿಸಬೇಡಿ! 12 ಕೆ, 5 ವಾಟಿನ ಒಂದು ರೆಸಿಸ್ಟರ್ ತನ್ನಿ. ಆರು ಟ್ಯೂಬ್ ಎಳೆಯುವಷ್ಟೇ ಕರೆಂಟ್ ಅದೂ ಎಳೆಯುತ್ತದೆ. ಅದನ್ನು ಹಾಕಿ ಅರ್ಧ ಗಂಟೆ ಬಿಡಿ. ಔಟ್‌ಪುಟ್ 175ಕ್ಕಿಂತ ಕೆಳಗೆ ಬರಬಾರದು. 12 ವೋಲ್ಟಿನ ಕಡೆ 300 ಮಿಲಿ ಆಂಪ್ ಆಸುಪಾಸು ಇರಬೇಕು. 500, 600 ಕಂಡರೆ ಎಲ್ಲೋ ಶಾಖವಾಗಿ ಹೋಗುತ್ತಿದೆ ಅಂತ ಅರ್ಥ, ಮತ್ತೆ ಹುಡುಕಿ. ಇದರಲ್ಲಿ ಪಾಸಾದ ಮೇಲೆ ಒಂದೊಂದು ಟ್ಯೂಬಿಗೂ ಅದರದೇ 15 ಕೆ ರೆಸಿಸ್ಟರ್ ಹಾಕಿ ಜೋಡಿಸಿ. ಆರಕ್ಕೂ ಸೇರಿಸಿ ಒಂದೇ ರೆಸಿಸ್ಟರ್ ಹಾಕಿದರೆ ಮತ್ತೆ ಇದೇ ಕಥೆ.

ಮೊದಲ ಸಲ ಹತ್ತಿಸುವಾಗ ಕೋಣೆಯ ಲೈಟ್ ಆರಿಸಿ ನೋಡಿ. ಮೊದಲು ಅಂಕಿಯ ಒಂದು ಮೂಲೆಯಲ್ಲಿ ಕಿತ್ತಳೆ ಚುಕ್ಕೆ ಕಾಣುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ತಂತಿಯ ಉದ್ದಕ್ಕೂ ಓಡಿ ಇಡೀ ಅಂಕಿಯನ್ನು ಹೊದ್ದುಕೊಳ್ಳುತ್ತದೆ. ನಾನು ಕೆಲಸಕ್ಕೆ ಸೇರಿದ ಕ್ಯಾಲಿಬ್ರೇಶನ್ ಲ್ಯಾಬಿನಲ್ಲಿ ನಿಕ್ಸಿ ಇರುವ ಫ್ರೀಕ್ವೆನ್ಸಿ ಕೌಂಟರ್ ಇತ್ತು. ದಿನಾ ಬೆಳಿಗ್ಗೆ ಅದನ್ನು ಆನ್ ಮಾಡುವ ಕೆಲಸ ನನ್ನದು. ಆ ಬೆಳಕು ಇವತ್ತಿಗೂ ನನಗೆ ಹಳತಾಗಿಲ್ಲ.

ಪ್ರಶ್ನೆ: ಮನೆಯಲ್ಲೇ 230 ವೋಲ್ಟ್ ಇದೆ. ಅದನ್ನು 12ಕ್ಕೆ ಇಳಿಸಿ, ಮತ್ತೆ 170ಕ್ಕೆ ಏರಿಸುವುದು ಯಾಕೆ? ಒಂದು ಡಯೋಡ್, ಒಂದು ರೆಸಿಸ್ಟರ್ ಹಾಕಿದರೆ ಸಾಲದೇ?
— ನಿವೃತ್ತ ವಿಜ್ಞಾನ ಮೇಷ್ಟ್ರು, ಶಿರಸಿ

ಉತ್ತರ: ಮೇಷ್ಟ್ರೇ, ನಮಸ್ಕಾರ. ಹತ್ತುವುದೇನೋ ಹತ್ತುತ್ತದೆ. ಆದರೆ ದಯವಿಟ್ಟು ಮಾಡಬೇಡಿ.

230 ಅನ್ನುವುದು ಆರ್‌ಎಂಎಸ್ ಲೆಕ್ಕ, ಅಲೆಯ ತುದಿ ಅದಕ್ಕಿಂತ ಎತ್ತರ. ಡಯೋಡ್, ಕೆಪಾಸಿಟರ್ ಹಾಕಿದರೆ 325 ವೋಲ್ಟ್ ಬರುತ್ತದೆ. ಅದಾದರೂ ಪರವಾಗಿಲ್ಲ, ದೊಡ್ಡ ರೆಸಿಸ್ಟರಿನಿಂದ ಇಳಿಸಬಹುದು. ನಿಜವಾದ ಅಪಾಯ ಬೇರೆ. ಆಗ ಗಡಿಯಾರದ ಗ್ರೌಂಡ್ ನೇರವಾಗಿ ಗೋಡೆಯ ಕರೆಂಟಿಗೆ ಅಂಟಿಕೊಂಡಿರುತ್ತದೆ. ಸಮಯ ಸರಿಮಾಡುವ ಬಟನ್, ಪೆಟ್ಟಿಗೆಯ ಸ್ಕ್ರೂ, ಕಂಪ್ಯೂಟರಿಗೆ ಜೋಡಿಸುವ ಕೇಬಲ್, ಎಲ್ಲದರಲ್ಲೂ ಫೇಸ್ ಇರಬಹುದು. ಟ್ರಾನ್ಸ್‌ಫಾರ್ಮರ್ ಇಲ್ಲದ ಹಳೇ ವಾಲ್ವ್ ರೇಡಿಯೊಗಳು ನಿಮಗೆ ನೆನಪಿರಬೇಕು. ಅವುಗಳ ಚಾಸಿ ಮುಟ್ಟಿದರೆ ಜುಮ್ಮೆನ್ನುತ್ತಿತ್ತಲ್ಲ, ಅದೇ ಕಥೆ.

ಎರಡು ಟ್ರಾನ್ಸ್‌ಫಾರ್ಮರ್ ಇದ್ದರೆ ಒಂದು ಹಳೇ ಉಪಾಯ ಉಂಟು. ಮೊದಲನೆಯದು 230ರಿಂದ 12. ಎರಡನೆಯದು 230ರಿಂದ 18, ಆದರೆ ಅದನ್ನು ತಿರುಗಿಸಿ ಜೋಡಿಸುವುದು. 12 ವೋಲ್ಟನ್ನು ಅದರ 18ರ ಕಡೆ ಕೊಟ್ಟರೆ ಆಚೆ ಕಡೆ ಸುಮಾರು 150 ಎಸಿ ಬರುತ್ತದೆ. ಡಿಸಿ ಮಾಡಿದರೆ 200ರ ಆಸುಪಾಸು. ಗೋಡೆಯ ಕರೆಂಟಿನಿಂದ ಪೂರ್ತಿ ಬೇರೆ. ಭಾರ ಜಾಸ್ತಿ, ಜಾಗ ಜಾಸ್ತಿ, ಸಣ್ಣಗೆ ಗುಂಯ್‌ಗುಡುತ್ತದೆ. ಆದರೆ ಕಾಯಿಲಿನ ಗೋಜಿಲ್ಲ. ನಿಮ್ಮ ಹತ್ತಿರ ಹಳೇ ಟ್ರಾನ್ಸ್‌ಫಾರ್ಮರ್ ಬಿದ್ದಿದ್ದರೆ ಇದನ್ನೇ ಮಾಡಿ. ಆಗ ಟ್ಯೂಬಿನ ರೆಸಿಸ್ಟರ್ 15 ಕೆ ಬದಲು 22 ಕೆ ಇರಲಿ. ಮೊದಲ ಟ್ರಾನ್ಸ್‌ಫಾರ್ಮರಿನ ಫೇಸ್ ತಂತಿಗೆ ಫ್ಯೂಸ್ ಹಾಕುವುದನ್ನು ಮರೆಯಬೇಡಿ.

ಪ್ರಶ್ನೆ: ಮೇಡಂ, ನನಗೆ ಎಲೆಕ್ಟ್ರಾನಿಕ್ಸ್ ಏನೂ ಗೊತ್ತಿಲ್ಲ. ನಿಮ್ಮ ಫೋಟೊ ನೋಡಿ ಒಂಬತ್ತನೇ ಕ್ಲಾಸಿನ ನನ್ನ ಮಗ ಇದನ್ನು ಮಾಡಿಯೇ ತೀರುತ್ತೇನೆ ಅಂತ ಹಟ ಹಿಡಿದಿದ್ದಾನೆ. 170 ವೋಲ್ಟ್ ಅಂತ ಕೇಳಿದ ಮೇಲೆ ನನಗೆ ಭಯ. ಬೇಡ ಅನ್ನಲಾ?
— ಗೃಹಿಣಿ, ಮಂಡ್ಯ

ಉತ್ತರ: ಬೇಡ ಅನ್ನಬೇಡಿ ತಾಯಿ. ಆದರೆ ನಿಮ್ಮ ಭಯ ಸರಿಯಾಗೇ ಇದೆ, ಅದನ್ನು ಬಿಡಬೇಡಿ. 12 ವೋಲ್ಟ್ ಅಡಾಪ್ಟರ್ ಅಂತ ಹುಡುಗರು ಸಲೀಸಾಗಿ ಕೈ ಹಾಕುತ್ತಾರೆ. ಆಚೆ ಕಡೆ ಬರುವ 170 ವೋಲ್ಟ್ ಡಿಸಿ ಕೆಟ್ಟ ಶಾಕ್ ಕೊಡುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹರಿದರೆ ಜೀವಕ್ಕೇ ಅಪಾಯ.

ಗಡಿಯಾರದಲ್ಲಿ ಎರಡು ಭಾಗ ಇದೆ. ಸಮಯ ಲೆಕ್ಕ ಹಾಕುವ ಭಾಗ 5 ವೋಲ್ಟಿನದು. ಅದನ್ನು ಅವನು ಒಬ್ಬನೇ ಕೂತು ಮಾಡಲಿ. ಸದ್ಯಕ್ಕೆ ಟ್ಯೂಬ್ ಬದಲು ಎಲ್‌ಇಡಿ ಹಾಕಿ ಓಡಿಸಲಿ. ಅಲ್ಲೇ ಒಂದೆರಡು ತಿಂಗಳ ಕೆಲಸ ಇದೆ. ಮೇಲಿನ ವೋಲ್ಟೇಜಿನ ಭಾಗವನ್ನು ಮಾತ್ರ ಗೊತ್ತಿರುವ ದೊಡ್ಡವರು ಪಕ್ಕದಲ್ಲಿದ್ದಾಗ ಮುಟ್ಟಬೇಕು. ಶಾಲೆಯ ಫಿಸಿಕ್ಸ್ ಮೇಷ್ಟ್ರು ಆಗಬಹುದು, ಟಿವಿ ರಿಪೇರಿ ಮಾಡುವವರೂ ಆಗಬಹುದು. ಹಳೇ ಡಬ್ಬಿ ಟಿವಿ ಬಿಚ್ಚಿದ ಕೈಗಳಿಗೆ ಇದರ ಮರ್ಯಾದೆ ಗೊತ್ತು.

ನಮ್ಮ ಲ್ಯಾಬಿನಲ್ಲಿ ಹೊಸಬರಿಗೆ ಮೊದಲ ವಾರ ಕಲಿಸುತ್ತಿದ್ದದ್ದು ಒಂದೇ: ಎಡಗೈ ಜೇಬಿನಲ್ಲಿ. ನನಗೆ ಸೀರೆ, ಜೇಬಿಲ್ಲ. ಎಡಗೈ ಬೆನ್ನ ಹಿಂದೆ ಇಡು ಅಂದರು. ಈಗಲೂ ಬೋರ್ಡ್ ಆನ್ ಇದ್ದಾಗ ನನ್ನ ಎಡಗೈ ತಾನಾಗೇ ಬೆನ್ನ ಹಿಂದೆ ಹೋಗುತ್ತದೆ. ನಿಮ್ಮ ಮಗನಿಗೂ ಅದೇ ರೂಢಿಯಾಗಲಿ. ಕಾಲಲ್ಲಿ ರಬ್ಬರ್ ಚಪ್ಪಲಿ, ಕಣ್ಣಿಗೆ ಕನ್ನಡಕ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ. ಮೇಲೆ ಹೇಳಿದ ಸರ್ಕ್ಯೂಟಿನಲ್ಲಿ ಅದು ತಾನಾಗಿ ಇಳಿಯಲು 15 ಸೆಕೆಂಡ್ ಬೇಕು. ಅವನು 30 ಎಣಿಸಲಿ, ಆಮೇಲೆ ಮೀಟರ್ ಇಟ್ಟು ನೋಡಲಿ, ಆಮೇಲೆ ಮುಟ್ಟಲಿ.

ಟ್ಯೂಬ್ ಒಡೆದರೆ ಬರಿಗೈಯಲ್ಲಿ ಬಾಚಬೇಡಿ. ಜಾಸ್ತಿ ಕಾಲ ಬಾಳಲಿ ಅಂತ ಹಲವು ಟ್ಯೂಬ್‌ಗಳಲ್ಲಿ ಚೂರೇ ಚೂರು ಪಾದರಸ ಹಾಕಿರುತ್ತಾರೆ. ಗಡಿಯಾರ ಮುಗಿದ ಮೇಲೆ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಇರಲಿ, ಟ್ಯೂಬಿನ ಗಾಜು ಮಾತ್ರ ಹೊರಗೆ ಕಾಣಲಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೆರಳು ತೂರುವ ಸಂದಿ ಎಲ್ಲೂ ಇರಕೂಡದು. ಮೊದಲ ಸಲ ಹತ್ತಿಸುವ ದಿನ ನಿಮ್ಮನ್ನೂ ಕರೆಯಲು ಹೇಳಿ, ಜೊತೆಗೆ ನಿಂತು ನೋಡಿ.

ಪ್ರಶ್ನೆ: ನಾನು ತರಿಸಿದ ಐಎನ್-12 ಟ್ಯೂಬಿನಲ್ಲಿ 5 ಅನ್ನುವುದು ತಲೆಕೆಳಗಾದ 2ರ ಹಾಗಿದೆ. ಮೋಸ ಹೋದೆನಾ? ಇನ್ನೊಂದು ಟ್ಯೂಬಿನಲ್ಲಿ 9ರ ಅರ್ಧ ಭಾಗ ಹತ್ತುವುದೇ ಇಲ್ಲ.
— ಓದುಗರು, ಧಾರವಾಡ

ಉತ್ತರ: ಮೋಸ ಇಲ್ಲ. ಐಎನ್-12ರಲ್ಲಿ 5 ಇರುವುದೇ ಹಾಗೆ. 2ರ ತಗಡನ್ನೇ ತಿರುಗಿಸಿ 5 ಮಾಡಿದ್ದಾರೆ. ನಿಕ್ಸಿಯನ್ನು 1955ರಲ್ಲಿ ಮಾರುಕಟ್ಟೆಗೆ ತಂದದ್ದು ಅಮೆರಿಕದ ಬರೋಸ್ ಕಂಪನಿ. ನಿಮ್ಮ ಕೈಯಲ್ಲಿರುವುದು ಸೋವಿಯತ್ ಕಾಲದ್ದು. ಅಲ್ಲಿ 1990ರ ದಶಕದ ಶುರುವಿನವರೆಗೂ ಮಾಡುತ್ತಿದ್ದರು. ಈಗ ಜೆಕ್ ದೇಶದಲ್ಲಿ ಡಾಲಿಬೋರ್ ಫಾರ್ನಿ ಅನ್ನುವವರು ಹೊಸದಾಗಿ ಕೈಯಲ್ಲೇ ಮಾಡುತ್ತಾರೆ, ಆದರೆ ಬೆಲೆ ತುಂಬ ಜಾಸ್ತಿ. ಹಾಗಾಗಿ ಇರುವುದನ್ನು ಜೋಪಾನ ಮಾಡಿ.

ಆ 9 ಬಹಳ ದಿನ ಹತ್ತದೆ ಸುಮ್ಮನಿದ್ದಿದೆ. ಪಕ್ಕದ ಅಂಕಿಗಳು ಉರಿಯುವಾಗ ಹಾರುವ ಲೋಹದ ಕಣಗಳು ಅದರ ಮೇಲೆ ಕೂತು ಪೊರೆ ಕಟ್ಟಿವೆ. ಗಂಟೆಯ ಹತ್ತರ ಸ್ಥಾನದಲ್ಲಿ 0, 1, 2 ಬಿಟ್ಟು ಬೇರೆ ಅಂಕಿ ಬರುವುದಿಲ್ಲ, ಅಲ್ವಾ? ಅಲ್ಲಿದ್ದ ಟ್ಯೂಬಿಗೆ ಹೀಗಾಗುವುದು ಜಾಸ್ತಿ. 15 ಕೆ ಬದಲು 10 ಕೆ ರೆಸಿಸ್ಟರ್ ಹಾಕಿ, ಆ 9 ಒಂದನ್ನೇ ಒಂದು ರಾತ್ರಿ ಹತ್ತಿಸಿಡಿ. ಬೆಳಿಗ್ಗೆ ನೋಡಿದರೆ ಬೆಳಕು ಬಾಲದ ಕಡೆಗೆ ಸ್ವಲ್ಪ ಸರಿದಿರುತ್ತದೆ. ಪೂರ್ತಿ ಬರುವವರೆಗೆ ಹಾಗೇ ಬಿಡಿ. ಆಮೇಲೆ ದಿನಕ್ಕೊಮ್ಮೆ, ರಾತ್ರಿ ಮೂರು ಗಂಟೆಗೆ, ಎಲ್ಲ ಟ್ಯೂಬಿನಲ್ಲೂ 0ಯಿಂದ 9ರವರೆಗೆ ಐದು ನಿಮಿಷ ಓಡುವ ಹಾಗೆ ಪ್ರೋಗ್ರಾಂ ಬರೆದುಬಿಡಿ. ನನ್ನ ಗಡಿಯಾರ ಹಾಗೇ ಮಾಡುತ್ತದೆ. ನಿದ್ದೆ ಬಾರದ ರಾತ್ರಿ ಎಷ್ಟೋ ಸಲ ನಡುಮನೆಯಲ್ಲಿ ಕೂತು ಅದನ್ನು ನೋಡಿದ್ದೇನೆ.